ಆಸ್ಟ್ರೇಲಿಯಾದ ಸಣ್ಣ ಊರುಗಳಲ್ಲಿ ಸ್ಕೇಟ್‌ಪಾರ್ಕ್ ಹುಡುಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

491 ವೀಸಾದಲ್ಲಿ (ದೊಡ್ಡ ನಗರಗಳ ಹೊರಗೆ ನೆಲೆಸುವ ಕುಶಲ ಕೆಲಸಗಾರರ ವೀಸಾ), ಆಸ್ಪತ್ರೆ ಕೆಲಸಕ್ಕೆ, ಓದಿಗೆ ಎಂದು ಬಂದು ಬೆಂಡಿಗೊ, ಟೂವೂಂಬಾ, ವಾಗ ವಾಗ, ಡಬ್ಬೊದಂಥ ಊರುಗಳಲ್ಲಿ ನೆಲೆಸಿದ ಕನ್ನಡದ ಮನೆಗಳಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಕೆಲವನ್ನು ಅಪ್ಪ ಅಮ್ಮಂದಿರು ಕೇಳಿದ್ದಾರೆ, ಕೆಲವನ್ನು ಬೋರ್ಡ್ ಹಿಡಿದ ಮಕ್ಕಳೇ ಕೇಳಿದ್ದಾರೆ. ಸುಲಭದ್ದು ಮೊದಲು, ಆಳದ್ದು ಆಮೇಲೆ.

## ಈಗಷ್ಟೇ ಶುರು ಮಾಡುವವರಿಗೆ

ನಾವಿರೋದು ನಾಲ್ಕು ಸಾವಿರ ಜನ ಇರೋ ಊರು. ಇಲ್ಲೂ ಸ್ಕೇಟ್‌ಪಾರ್ಕ್ ಇರುತ್ತಾ? ಟಿಕೆಟ್ ಎಷ್ಟು?

ಇರುವ ಸಾಧ್ಯತೆಯೇ ಹೆಚ್ಚು. ಟಿಕೆಟ್ ಇಲ್ಲ. ಇಲ್ಲಿನ ಹೊರಾಂಗಣ ಸ್ಕೇಟ್‌ಪಾರ್ಕ್‌ಗಳಲ್ಲಿ ಬಹುಪಾಲು ಸ್ಥಳೀಯ ಕೌನ್ಸಿಲ್ ಕಟ್ಟಿಸಿ ನೋಡಿಕೊಳ್ಳುವ ಸಾರ್ವಜನಿಕ ಆಸ್ತಿ. ಗೇಟಿಲ್ಲ, ಕಾವಲಿಲ್ಲ, ಹೆಸರು ಬರೆಸಬೇಕಿಲ್ಲ, ವೀಸಾ ಯಾವುದು ಎಂದು ಕೇಳುವವರಿಲ್ಲ. ಬೆಂಗಳೂರಿನಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡಿಸಿ ರೂಢಿಯಾದವರು ಮೊದಲ ದಿನ ಬೇಲಿಯಾಚೆ ನಿಂತು ಯಾರನ್ನಾದರೂ ಕೇಳಬೇಕೇನೋ ಎಂದು ಹಿಂಜರಿಯುತ್ತಾರೆ. ಕೇಳಬೇಕಿಲ್ಲ, ನೇರವಾಗಿ ಒಳಗೆ ಹೋಗಿ. ಚಾವಣಿಯಿರುವ ಒಳಾಂಗಣ ಪಾರ್ಕ್‌ಗಳ ಮಾತು ಬೇರೆ. ಅಲ್ಲಿ ಶುಲ್ಕವಿರುತ್ತದೆ, ಪೋಷಕರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾಗುತ್ತದೆ.

ಮ್ಯಾಪಲ್ಲಿ ಹುಡುಕಿದ್ರೆ ಏನೂ ಬರ್ತಿಲ್ಲ. ಇಲ್ಲ ಅಂತಾನೇ ಅರ್ಥನಾ?

ಅಲ್ಲ. ಹೆಸರಿನ ಗೊಂದಲವೇ ಇದಕ್ಕೆ ಮುಖ್ಯ ಕಾರಣ. ‘ಸ್ಕೇಟ್‌ಪಾರ್ಕ್’ ಎಂದು ಒಂದೇ ಪದವಾಗಿ ಹುಡುಕಿದ್ದರೆ ‘ಸ್ಕೇಟ್ ಪಾರ್ಕ್’ ಎಂದು ಬಿಡಿಸಿ ಹುಡುಕಿ. ಅದಕ್ಕೂ ಸಿಗದಿದ್ದರೆ ‘ಯೂತ್ ಪ್ರಿಸಿಂಕ್ಟ್’, ‘ಯೂತ್ ಪಾರ್ಕ್’, ‘ಪಂಪ್ ಟ್ರ್ಯಾಕ್’, ‘ಬಿಎಂಎಕ್ಸ್ ಟ್ರ್ಯಾಕ್’ ಎಂದು ಹಾಕಿ. ಎಷ್ಟೋ ಊರುಗಳಲ್ಲಿ ಪಾರ್ಕ್ ‘ಲಯನ್ಸ್ ಪಾರ್ಕ್’, ‘ರೋಟರಿ ಪಾರ್ಕ್’, ‘ಮೆಮೋರಿಯಲ್ ಪಾರ್ಕ್’ ಎಂಬ ದೊಡ್ಡ ಉದ್ಯಾನದ ಒಂದು ಮೂಲೆಯಲ್ಲಿರುತ್ತದೆ, ಅದಕ್ಕೆ ತನ್ನದೇ ಗುರುತು ಮ್ಯಾಪಿನಲ್ಲಿ ಇರುವುದೇ ಇಲ್ಲ.

ಆಗ ಉಪಗ್ರಹ ಚಿತ್ರಕ್ಕೆ ಬದಲಿಸಿ ಊರಿನ ಈಜುಕೊಳ ಹುಡುಕಿ. ಈಜುಕೊಳದ ನೀಲಿ ಬಣ್ಣ ಮೇಲಿನಿಂದ ತಟ್ಟನೆ ಕಾಣುತ್ತದೆ. ಅದರ ಸುತ್ತ, ನಂತರ ಕ್ರಿಕೆಟ್-ಫುಟಿ ಆಡುವ ಓವಲ್ ಸುತ್ತ, ಮೇಳ ನಡೆಯುವ ಶೋಗ್ರೌಂಡ್ ಬಳಿ, ಹಳ್ಳದ ದಂಡೆಯ ಹಸಿರು ಜಾಗದಲ್ಲಿ ಕಣ್ಣು ಹಾಯಿಸಿ. ಕೌನ್ಸಿಲ್ ಕೈಯಲ್ಲಿ ಮೊದಲೇ ಇದ್ದ ಜಾಗಗಳು ಇವೇ ಆದ್ದರಿಂದ ಸ್ಕೇಟ್‌ಪಾರ್ಕ್ ಬಂದು ಕೂರುವುದೂ ಇಲ್ಲೇ. ಸಿಗದಿದ್ದರೆ ಕೌನ್ಸಿಲ್ ಜಾಲತಾಣದಲ್ಲಿ ‘ಪಾರ್ಕ್ಸ್ ಅಂಡ್ ರಿಕ್ರಿಯೇಷನ್’ ವಿಭಾಗ ತೆರೆಯಿರಿ, ಅಥವಾ ವಿಸಿಟರ್ ಇನ್‌ಫರ್ಮೇಷನ್ ಸೆಂಟರ್‌ಗೆ ಒಂದು ಫೋನ್ ಮಾಡಿ. ಅಲ್ಲಿ ಕೂತವರಿಗೆ ಊರಿನ ಮೂಲೆಮೂಲೆಯೂ ಗೊತ್ತಿರುತ್ತದೆ.

ಗಡಿಯೂರುಗಳಲ್ಲಿ ಎರಡು ಕೌನ್ಸಿಲ್ ನೋಡಬೇಕು. ಆಲ್ಬರಿ ನ್ಯೂ ಸೌತ್ ವೇಲ್ಸ್‌ನಲ್ಲಿದೆ, ನದಿಯಾಚೆಯ ವೊಡೊಂಗಾ ವಿಕ್ಟೋರಿಯಾದಲ್ಲಿದೆ. ಎಚೂಕಾ ಮತ್ತು ಮೊಆಮಾ ಕೂಡ ಹೀಗೆಯೇ. ಒಂದು ಕೌನ್ಸಿಲ್‌ನ ಪಟ್ಟಿಯಲ್ಲಿ ಇನ್ನೊಂದರ ಪಾರ್ಕ್ ಇರುವುದಿಲ್ಲ.

ಮಗಳು ಊರಲ್ಲಿ ಸ್ಕೇಟಿಂಗ್ ಕ್ಲಾಸಿಗೆ ಹೋಗ್ತಿದ್ಲು. ಅದೇ ಇನ್‌ಲೈನ್ ಸ್ಕೇಟ್ಸ್ ಇಲ್ಲಿ ನಡೆಯುತ್ತಾ?

ಪಾರ್ಕಿನ ನಿಯಮಕ್ಕೆ ನಡೆಯುತ್ತದೆ. ಸ್ಕೇಟ್‌ಬೋರ್ಡ್, ಕಾಲಿನಿಂದ ತಳ್ಳುವ ಸ್ಕೂಟರ್, ರೋಲರ್ ಸ್ಕೇಟ್, ಇನ್‌ಲೈನ್, ಹೆಚ್ಚಿನ ಕಡೆ ಬಿಎಂಎಕ್ಸ್ ಸೈಕಲ್ ಕೂಡ ಒಂದೇ ಕಾಂಕ್ರೀಟ್ ಹಂಚಿಕೊಳ್ಳುತ್ತವೆ. ಕರೆಂಟಿನ ಸ್ಕೂಟರ್, ಇ-ಬೈಕ್ ಬೇಡ ಎಂಬ ಫಲಕ ಸಾಮಾನ್ಯ.

ತೊಂದರೆ ಇರುವುದು ಸ್ಕೇಟ್ಸ್‌ನಲ್ಲೇ. ಕರ್ನಾಟಕದ ರಿಂಕ್‌ಗಳಲ್ಲಿ ರೇಸಿಗೆ ಕೊಡಿಸುವ ಸ್ಪೀಡ್ ಸ್ಕೇಟ್‌ಗಳಿಗೆ 90ರಿಂದ 110 ಮಿ.ಮೀ. ಚಕ್ರ, ಉದ್ದನೆಯ ಫ್ರೇಮ್, ಹಿಮ್ಮಡಿ ಗಂಟಿಗಿಂತ ಕೆಳಗೇ ಮುಗಿಯುವ ಬೂಟು. ಸಮತಟ್ಟಾದ ಟ್ರ್ಯಾಕಿನಲ್ಲಿ ಅವು ಚಿನ್ನ. ಬಾಗಿದ ಗೋಡೆಯ ಮೇಲೆ ಉದ್ದನೆಯ ಫ್ರೇಮ್ ತಿರುಗುವುದಿಲ್ಲ, ಗಂಟಿಗೆ ಆಸರೆಯಿಲ್ಲದೆ ಕಾಲು ಹೊರಳುತ್ತದೆ. ಪಾರ್ಕಿಗೆ ಬೇಕಾದದ್ದು ಗಂಟಿನ ಮೇಲೆ ಬಿಗಿಯುವ ಗಟ್ಟಿ ಬೂಟು, ಗಿಡ್ಡ ಫ್ರೇಮ್, ಸುಮಾರು 60ರಿಂದ 80 ಮಿ.ಮೀ. ಚಕ್ರ. ಕ್ಲಾಸಿನಲ್ಲಿ ಕಲಿತ ಸಮತೋಲನ ಮಾತ್ರ ಒಂದಿಷ್ಟೂ ವ್ಯರ್ಥವಾಗುವುದಿಲ್ಲ. ಅಂಥ ಮಕ್ಕಳು ಹೊಸ ಸ್ಕೇಟ್ಸ್‌ಗೆ ಬೇಗ ಒಗ್ಗಿಕೊಳ್ಳುತ್ತಾರೆ.

ಯಾವ ಹೊತ್ತಲ್ಲಿ ಹೋದ್ರೆ ಪುಟ್ಟ ಮಕ್ಕಳಿಗೆ ಜಾಗ ಸಿಗುತ್ತೆ?

ಶನಿವಾರ, ಭಾನುವಾರ ಬೆಳಗ್ಗೆ ಒಂಬತ್ತರೊಳಗೆ. ವಾರದ ದಿನ ಶಾಲೆ ಬಿಡುವ ಮೂರು, ಮೂರೂವರೆಯ ಮೊದಲು. ನಾಲ್ಕರಿಂದ ಕತ್ತಲಾಗುವವರೆಗೆ ದೊಡ್ಡ ಮಕ್ಕಳ ಹೊತ್ತು. ಆಗ ಕೂಡ ಹೋಗಬಹುದು, ಆದರೆ ಐದು ವರ್ಷದ ಮಗುವನ್ನು ಸ್ಕೂಟರ್ ಮೇಲೆ ಬಿಟ್ಟು ಬೆಂಚಿನಲ್ಲಿ ಫೋನ್ ನೋಡುತ್ತಾ ಕೂರುವಂತಿಲ್ಲ. ವೇಗದಲ್ಲಿ ಬರುವ ಬಿಎಂಎಕ್ಸ್‌ಗೆ ಮಗು ಕಾಣುವುದು ಕೊನೇ ಕ್ಷಣದಲ್ಲಿ.

ಸಂಜೆಯ ಬೆಳಕಿನ ಲೆಕ್ಕ ರಾಜ್ಯಕ್ಕೊಂದು. ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ, ಸೌತ್ ಆಸ್ಟ್ರೇಲಿಯಾ, ಟಾಸ್ಮೇನಿಯಾಗಳಲ್ಲಿ ಅಕ್ಟೋಬರ್ ಮೊದಲ ಭಾನುವಾರದಿಂದ ಏಪ್ರಿಲ್ ಮೊದಲ ಭಾನುವಾರದವರೆಗೆ ಗಡಿಯಾರ ಒಂದು ಗಂಟೆ ಮುಂದಿರುತ್ತದೆ, ಸಂಜೆ ಉದ್ದ ಸಿಗುತ್ತದೆ. ಕ್ವೀನ್ಸ್‌ಲ್ಯಾಂಡ್, ವೆಸ್ಟರ್ನ್ ಆಸ್ಟ್ರೇಲಿಯಾ, ನಾರ್ದರ್ನ್ ಟೆರಿಟರಿಗಳಲ್ಲಿ ಈ ಬದಲಾವಣೆ ಇಲ್ಲ.

ಹೆಲ್ಮೆಟ್ ಕಡ್ಡಾಯನಾ?

ಪಾರ್ಕಿನ ಫಲಕದಲ್ಲಿ ಏನಿದೆಯೋ ಅದನ್ನು ಪಾಲಿಸಿ. ಪಾರ್ಕಿಗೆ ಸೈಕಲ್ ತುಳಿದುಕೊಂಡು ರಸ್ತೆಯಲ್ಲಿ ಹೋಗುವುದಾದರೆ ಹೆಲ್ಮೆಟ್ ಕಾನೂನಿನಲ್ಲೇ ಕಡ್ಡಾಯ. ಕಾನೂನು ಏನೇ ಹೇಳಲಿ, ಕಲಿಯುವವರು ಹಾಕಿಕೊಳ್ಳಲೇಬೇಕು. ಒಳಗಿನ ಚೀಟಿಯಲ್ಲಿ ಎಎಸ್/ಎನ್‌ಜೆಡ್‌ಎಸ್ 2063 ಎಂದಿದ್ದರೆ ಅದು ಸೈಕಲ್ ಮತ್ತು ಚಕ್ರದಾಟಗಳಿಗೆ ಆಸ್ಟ್ರೇಲಿಯಾದ ಮಾನದಂಡಕ್ಕೆ ಹೊಂದುವ ಹೆಲ್ಮೆಟ್. ಹುಬ್ಬಿನಿಂದ ಎರಡು ಬೆರಳು ಮೇಲೆ ಅಂಚು ಬರಬೇಕು. ಹಿಂದಕ್ಕೆ ಜಾರಿಸಿಕೊಂಡರೆ ಹಣೆ ಬರಿದಾಗುತ್ತದೆ.

ದುಡ್ಡು ಸ್ವಲ್ಪವೇ ಇದ್ದರೆ ಹೆಲ್ಮೆಟ್ ಆದ ಮೇಲೆ ಮಣಿಕಟ್ಟಿನ ಗಾರ್ಡ್ ಕೊಳ್ಳಿ, ಮೊಣಕಾಲಿನದು ಆಮೇಲೆ. ಹೊಸಬರು ಬೀಳುವಾಗ ಕೈ ಊರುತ್ತಾರೆ, ಮುರಿಯುವುದೂ ಅದೇ. ಬೌಲಿಗೆ, ಅಂದರೆ ಬೋಗುಣಿಯಂಥ ಕಾಂಕ್ರೀಟ್ ಗುಂಡಿಗೆ, ಇಳಿಯುವ ಹಂತ ಬಂದಾಗ ಮೊಣಕಾಲಿನ ದಪ್ಪ ಪ್ಯಾಡ್ ಮುಖ್ಯವಾಗುತ್ತದೆ, ಏಕೆಂದರೆ ಅಲ್ಲಿ ಮೊಣಕಾಲೂರಿ ಜಾರುವುದೇ ಬೀಳುವ ಸರಿಯಾದ ಕ್ರಮ.

## ಹೊರಡುವ ಮೊದಲು

ಎಂಬತ್ತು ಕಿಲೋಮೀಟರ್ ಡ್ರೈವ್ ಮಾಡಿ ಹೋದ್ವಿ, ನೋಡಿದ್ರೆ ಎರಡು ತುಕ್ಕು ಹಿಡಿದ ರ‍್ಯಾಂಪ್. ಮನೇಲೇ ಕೂತು ಗೊತ್ತು ಮಾಡ್ಕೊಳ್ಳೋಕೆ ದಾರಿ ಇದೆಯಾ?

ಇದೆ, ಹತ್ತು ನಿಮಿಷದ ಕೆಲಸ. ವಿಳಾಸ ಯಾರಾದರೂ ಕೊಡುತ್ತಾರೆ. ಆ ಪಾರ್ಕ್ ಯಾವ ಕಾಲದ್ದು, ಯಾವ ಬಗೆಯದು ಎಂದು ಮನೆಯಲ್ಲೇ ಓದಿಕೊಳ್ಳುವುದನ್ನು ನೀವೇ ಕಲಿಯಬೇಕು.

ಉಪಗ್ರಹ ಚಿತ್ರವನ್ನು ಎಷ್ಟು ಸಾಧ್ಯವೋ ಅಷ್ಟು ದೊಡ್ಡದು ಮಾಡಿ. ಕಡು ಬೂದು ಬಣ್ಣದ ಆಯತ, ಅದರ ಮೇಲೆ ಬಿಡಿಬಿಡಿಯಾಗಿ ಇಟ್ಟ ನಾಲ್ಕೈದು ಪೆಟ್ಟಿಗೆಯಂಥ ಆಕಾರಗಳು ಕಂಡರೆ ಅದು ಡಾಂಬರಿನ ನೆಲ, ಕಾರ್ಖಾನೆಯಲ್ಲಿ ಮಾಡಿ ತಂದಿಟ್ಟ ಕಬ್ಬಿಣದ ರ‍್ಯಾಂಪ್‌ಗಳು. ನೆಲ ತರಿತರಿ, ಸದ್ದು ಜೋರು, ರ‍್ಯಾಂಪ್ ಬುಡದ ತಗಡು ಮೇಲೆದ್ದಿರುವ ಅಪಾಯವೂ ಉಂಟು. ತಿಳಿ ಬೂದು ಬಣ್ಣ, ಎರಡು ತುದಿಯಲ್ಲಿ ಎದುರುಬದುರು ಏರು, ನಡುವೆ ಒಂದು ದಿಬ್ಬ ಇದ್ದರೆ ಅದು ಹಳೇ ಕಾಲದ ಕಾಂಕ್ರೀಟ್ ಪಾರ್ಕ್. ಇಂಥವು ನೂರಾರು ಊರುಗಳಲ್ಲಿವೆ. ಅವನ್ನು ಕಟ್ಟಿದವರು ಎಷ್ಟೋ ಸಲ ಸ್ಕೇಟಿಂಗ್ ಗೊತ್ತಿಲ್ಲದ ಗುತ್ತಿಗೆದಾರರಾದ್ದರಿಂದ ಬಾಗು ಒಂದೇ ಸಮನಾಗಿರುವುದಿಲ್ಲ, ನಡುವೆ ಒಂದು ಕಡೆ ಮುರಿದಂತಿರುತ್ತದೆ. ಚಕ್ರಕ್ಕೆ ಅದು ತಟ್ಟಿದಾಗ ದೇಹ ಮುಂದಕ್ಕೆ ಚಿಮ್ಮುತ್ತದೆ. ಇನ್ನು, ಹುರುಳಿಕಾಯಿ ಬೀಜದಂತೆ ಬಾಗಿದ ಅಂಚು, ಅಂಚಿನೊಳಗೆ ಅರ್ಧಚಂದ್ರದ ಕಪ್ಪು ನೆರಳು ಕಂಡರೆ ಅದು ಬೌಲ್. ನೆರಳು ಅಗಲವಾದಷ್ಟೂ ಆಳ ಹೆಚ್ಚು. ನೇರ ಗೆರೆಗಳು, ಮೆಟ್ಟಿಲಿನ ಪಟ್ಟೆಗಳು, ಬೆಂಚಿನಂಥ ಕಟ್ಟೆಗಳು ಕಂಡರೆ ಸ್ಟ್ರೀಟ್ ಪ್ಲಾಜಾ, ಅಂದರೆ ಊರಿನ ಬೀದಿಯನ್ನು ಹೋಲುವ ಪಾರ್ಕ್.

ಆಮೇಲೆ ಮ್ಯಾಪಿನ ಅಳತೆಪಟ್ಟಿ ಬಳಸಿ ಉದ್ದಗಲ ಅಳೆಯಿರಿ. 15 ಮೀಟರ್‌ಗೆ 30 ಮೀಟರ್ ಎಂದರೆ ಮೂರು ನಾಲ್ಕು ಜನರಾದರೆ ತುಂಬಿಹೋಗುವ ಪಾರ್ಕ್. ಜನ ಹಾಕಿದ ಫೋಟೋಗಳನ್ನು ಹೊಸದರಿಂದ ಹಳೆಯದಕ್ಕೆ ಜೋಡಿಸಿ ನೋಡಿ, ದಿನಾಂಕ ಓದಿ. ಫೋಟೋದಲ್ಲಿ ನೋಡಬೇಕಾದದ್ದು ಮೂರು: ಬೌಲಿನ ತಳದಲ್ಲಿ ನೀರು ನಿಂತಿದೆಯೇ, ಮೇಲೆ ಮರ ಚಾಚಿದೆಯೇ, ಕಾಂಕ್ರೀಟ್ ಕೀಲಿನಲ್ಲಿ ಹುಲ್ಲು ಬೆಳೆದಿದೆಯೇ. ಕೊನೆಗೆ ಊರಿನ ಹೆಸರಿನ ಜೊತೆ ‘ಸ್ಕೇಟ್ ಪಾರ್ಕ್ ಅಪ್‌ಗ್ರೇಡ್’ ಎಂದು ಹುಡುಕಿ. ಹಳೆಯದನ್ನು ಒಡೆದು ಹೊಸದು ಕಟ್ಟುವಾಗ ತಿಂಗಳುಗಟ್ಟಲೆ ಬೇಲಿ ಹಾಕಿರುತ್ತಾರೆ. ಕೌನ್ಸಿಲ್ ಸುದ್ದಿ ಪುಟದಲ್ಲಿ ಅದು ಇರುತ್ತದೆ, ಮ್ಯಾಪಿನಲ್ಲಿ ಇರುವುದಿಲ್ಲ.

ಬೌಲ್, ಸ್ನೇಕ್ ರನ್, ಮಿನಿ ರ‍್ಯಾಂಪ್, ಪಂಪ್ ಟ್ರ್ಯಾಕ್... ಕಲಿಯೋಕೆ ಯಾವುದು ಒಳ್ಳೇದು?

ಪಂಪ್ ಟ್ರ್ಯಾಕ್ ಮೊದಲು, ಅದೂ ಡಾಂಬರು ಹಾಕಿದ್ದು. ಅಲೆಅಲೆಯಾದ ದಿಬ್ಬಗಳ ಮೇಲೆ ಮಂಡಿ ಬಗ್ಗಿಸಿ, ನೀಡಿ ವೇಗ ಪಡೆಯುವುದನ್ನು ಅದು ತಾನಾಗಿ ಕಲಿಸುತ್ತದೆ. ಮಣ್ಣಿನ ಪಂಪ್ ಟ್ರ್ಯಾಕ್ ಸೈಕಲ್‌ಗೆ ಮಾತ್ರ. ಸ್ನೇಕ್ ರನ್ ಎಂದರೆ ಇಳಿಜಾರಿನಲ್ಲಿ ಹಾವಿನಂತೆ ಹರಿಯುವ ಕಾಲುವೆ. ಹೊಸಬರೂ ಮೇಲಿನಿಂದ ನಿಧಾನವಾಗಿ ಬರಬಹುದು. ಮಿನಿ ರ‍್ಯಾಂಪಿನಲ್ಲಿ ಎರಡು ಬಾಗಿದ ಗೋಡೆ ಎದುರುಬದುರು ನಿಂತಿರುತ್ತವೆ.

ಮೇಲಿನಿಂದ ಒಳಗೆ ಧುಮುಕುವ ‘ಡ್ರಾಪ್ ಇನ್’ ಕಲಿಯುವುದು ಮೂರಡಿಗಿಂತ ಎತ್ತರವಿಲ್ಲದ ಗೋಡೆಯಲ್ಲಿ. ಕೌನ್ಸಿಲ್ ಕಾಗದದಲ್ಲಿ ಎತ್ತರ ಮೀಟರಿನಲ್ಲಿರುತ್ತದೆ, ಪಾರ್ಕಿನಲ್ಲಿ ಎಲ್ಲರೂ ಅಡಿಯಲ್ಲೇ ಮಾತಾಡುತ್ತಾರೆ. 0.9 ಮೀಟರ್ ಎಂದರೆ ಮೂರಡಿ, 1.5 ಎಂದರೆ ಐದು. ಡ್ರಾಪ್ ಇನ್‌ನಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ: ಹೆದರಿ ಭಾರವನ್ನು ಹಿಂಗಾಲಿನ ಮೇಲೆ ಉಳಿಸಿಕೊಳ್ಳುವುದು. ಬೋರ್ಡ್ ಮುಂದೆ ಹಾರುತ್ತದೆ, ಬೆನ್ನು ಕಾಂಕ್ರೀಟಿಗೆ ಬೀಳುತ್ತದೆ. ಮುಂಗಾಲನ್ನು ಗೋಡೆಗೆ ಒತ್ತಿಬಿಡಬೇಕು, ಹೆಗಲು ಮುಂದಿನ ಚಕ್ರಗಳ ಮೇಲೆ ಬರಬೇಕು.

ನಮ್ಮೂರ ಪಾರ್ಕಲ್ಲಿ ಬೋರ್ಡ್ ಗಡಗಡ ಅನ್ನುತ್ತೆ, ಓಡೋದೇ ಇಲ್ಲ. ಬೋರ್ಡ್ ಬದಲಾಯಿಸಬೇಕಾ?

ಚಕ್ರ ಬದಲಿಸಿದರೆ ಸಾಕು. ಚಕ್ರದ ಗಟ್ಟಿತನಕ್ಕೆ ಒಂದು ಅಂಕಿ ಇದೆ, ಅಂಕಿ ಹೆಚ್ಚಿದಷ್ಟೂ ಗಟ್ಟಿ. ನುಣುಪಾದ ಹೊಸ ಕಾಂಕ್ರೀಟಿಗೆ 52ರಿಂದ 54 ಮಿ.ಮೀ., 99ಎ ಚಕ್ರ. ಸವೆದು ಜಲ್ಲಿ ಕಾಣಿಸುತ್ತಿರುವ ಹಳೇ ಕಾಂಕ್ರೀಟಿಗೆ 54ರಿಂದ 56 ಮಿ.ಮೀ., 95ಎಯಿಂದ 97ಎ. ಡಾಂಬರಿನ ನೆಲಕ್ಕೆ, ಫುಟ್‌ಪಾತ್ ಮೇಲಿನ ಓಡಾಟಕ್ಕೆ 78ಎಯಿಂದ 87ಎ ಮೆದು ಚಕ್ರ. ಮೆದು ಚಕ್ರ ಅಡ್ಡ ಜಾರುವುದಿಲ್ಲ, ಹಾಗಾಗಿ ಅದೊಂದನ್ನೇ ನೆಚ್ಚಿಕೊಂಡರೆ ಕೆಲವು ಟ್ರಿಕ್ ಕಲಿಯಲಾಗುವುದಿಲ್ಲ.

ಚಕ್ರ ದೊಡ್ಡದಾದಾಗ ತಿರುವಿನಲ್ಲಿ ಹಲಗೆಗೆ ತಾಗಿ ಗಕ್ಕನೆ ನಿಲ್ಲುತ್ತದೆ. ಇದನ್ನು ‘ವೀಲ್‌ಬೈಟ್’ ಎನ್ನುತ್ತಾರೆ. ಸವಾರ ನೇರ ಮುಂದಕ್ಕೆ ಹಾರುತ್ತಾನೆ. ತಪ್ಪಿಸಲು ಟ್ರಕ್ (ಚಕ್ರಗಳನ್ನು ಹಿಡಿಯುವ ಲೋಹದ ಭಾಗ) ಮತ್ತು ಹಲಗೆಯ ನಡುವೆ 3 ಮಿ.ಮೀ. ದಪ್ಪದ ರೈಸರ್ ಪ್ಯಾಡ್ ಹಾಕಿ. ಆಗ ಒಂದು ಇಂಚಿನ ಬೋಲ್ಟ್ ಸಾಲದು, ಒಂದೂಕಾಲು ಇಂಚಿನದು ಬೇಕು.

ಕಾರಲ್ಲಿ ಏನೇನು ಇಟ್ಕೊಂಡಿರ್ಬೇಕು?

ಪೊರಕೆ. ಎಲ್ಲಕ್ಕಿಂತ ಮೊದಲು ಪೊರಕೆ, ಉದ್ದ ಹಿಡಿಯದು. ಇಲ್ಲಿನ ಪಾರ್ಕ್‌ಗಳ ಸುತ್ತ ಇರುವುದು ನೀಲಗಿರಿ ಮರಗಳು, ಊಟಿ ದಾರಿಯಲ್ಲಿ ಕಾಣುವ ಅದೇ ಮರದ ತವರು ಇದು. ಅದರ ಕಾಯಿ ಬಟಾಣಿಯಿಂದ ಅಡಿಕೆಯಷ್ಟು ದೊಡ್ಡದು, ಒಣಗಿದರೆ ಕಲ್ಲಿನಷ್ಟು ಗಟ್ಟಿ. ಬುಗುರಿಯಂಥ ಆಕಾರವಾದ್ದರಿಂದ ಉರುಳಿ ಬೌಲಿನ ತಳ ಸೇರುತ್ತದೆ. 99ಎ ಚಕ್ರದ ಮುಂದೆ ಒಂದೇ ಒಂದು ಕಾಯಿ ಸಿಕ್ಕರೂ ಬೋರ್ಡ್ ನಿಂತಲ್ಲೇ ನಿಲ್ಲುತ್ತದೆ, ಸವಾರ ನಿಲ್ಲುವುದಿಲ್ಲ. ಬಂದ ಕೂಡಲೇ ಐದು ನಿಮಿಷ ಗುಡಿಸಿ. ಬೌಲಿನ ತಳದ ಚರಂಡಿ ಕಿಂಡಿಯ ಮೇಲೆ ಕೂತ ಎಲೆ, ತೊಗಟೆ ತೆಗೆದುಹಾಕಿ. ಅಪರಿಚಿತ ಊರಿನಲ್ಲಿ ಗುಡಿಸುತ್ತಿರುವವರನ್ನು ಕಂಡರೆ ಅಲ್ಲಿನ ಹುಡುಗರು ತಾವಾಗಿಯೇ ಬಂದು ಮಾತಾಡಿಸುತ್ತಾರೆ.

ಸಣ್ಣ ಊರಿನಲ್ಲಿ ಸ್ಕೇಟ್ ಅಂಗಡಿ ಇರುವುದಿಲ್ಲ. ಒಂದು ಸೆಟ್ ಬೇರಿಂಗ್, ಎರಡು ಆಕ್ಸಲ್ ನಟ್, ನಾಲ್ಕು ಬೋಲ್ಟ್-ನಟ್, ಒಂದು ಸ್ಕೇಟ್ ಟೂಲ್ ಜೊತೆಗಿರಲಿ. ಮನೆಯ ಸ್ಪ್ಯಾನರ್ ಸಾಕು ಎಂದುಕೊಳ್ಳಬೇಡಿ. ಆಕ್ಸಲ್ ನಟ್ ಅರ್ಧ ಇಂಚು, ಅದಕ್ಕೆ 13 ಮಿ.ಮೀ. ಸ್ಪ್ಯಾನರ್ ಹೇಗೋ ಕೂರುತ್ತದೆ. ಕಿಂಗ್‌ಪಿನ್ (ಟ್ರಕ್ಕಿನ ನಡುವಿನ ದಪ್ಪ ಬೋಲ್ಟ್) ನಟ್ 9/16 ಇಂಚು. 14 ಮಿ.ಮೀ. ಸ್ಪ್ಯಾನರ್ ಅದಕ್ಕೆ ಕೂರುವುದೇ ಇಲ್ಲ, 15 ಮಿ.ಮೀ. ಹಾಕಿದರೆ ಮೂಲೆ ಸವೆಯುತ್ತದೆ. ಇದಲ್ಲದೆ ತಲೆಗೆ ಎರಡು ಲೀಟರಿನಷ್ಟು ನೀರು, 50+ ಸನ್‌ಸ್ಕ್ರೀನ್, ಬ್ಯಾಂಡೇಜು, ಒಡೆದ ಗಾಜು ಎತ್ತಲು ದಪ್ಪ ಕೈಗವಸು. ಹತ್ತಿರ ಶೌಚಾಲಯ ಎಲ್ಲಿದೆ ಎಂದು ಸರ್ಕಾರದ ‘ನ್ಯಾಷನಲ್ ಪಬ್ಲಿಕ್ ಟಾಯ್ಲೆಟ್ ಮ್ಯಾಪ್’ನಲ್ಲಿ ನೋಡಬಹುದು.

ನಾನು ಸ್ಟೂಡೆಂಟ್, ಕಾರಿಲ್ಲ. ಹೇಗೆ ಹೋಗಲಿ?

ವಿಕ್ಟೋರಿಯಾದಲ್ಲಿದ್ದರೆ ನಿಮ್ಮ ಅದೃಷ್ಟ. ವಿ/ಲೈನ್ ರೈಲಿನ ದಿನದ ದರವನ್ನು 2023ರ ಮಾರ್ಚ್ ಕೊನೆಯಿಂದ ಮೆಲ್ಬರ್ನ್ ನಗರದ ದಿನದ ದರಕ್ಕೆ ಸರಿಸಮ ಮಾಡಿದ್ದಾರೆ. ಬೋರ್ಡನ್ನು ಕೈಯಲ್ಲೇ ಹಿಡಿದು ಬೆಂಡಿಗೊ, ಬಲ್ಲರಾಟ್, ಗೀಲಾಂಗ್‌ಗೆ ಬೆಳಗ್ಗೆ ಹೋಗಿ ಸಂಜೆ ವಾಪಸಾಗಬಹುದು. ನಿಲ್ದಾಣದಿಂದ ಪಾರ್ಕಿಗೆ ಎಷ್ಟು ದೂರ, ಕೊನೇ ರೈಲು ಎಷ್ಟಕ್ಕೆ ಎಂದು ಮೊದಲೇ ನೋಡಿಕೊಳ್ಳಿ. ಭಾನುವಾರ ರೈಲು ಕಡಿಮೆ. ಕೆಲವೊಮ್ಮೆ ಹಳಿ ಕೆಲಸವಿದ್ದರೆ ರೈಲಿನ ಬದಲು ಬಸ್ ಓಡಿಸುತ್ತಾರೆ.

ಬೋರ್ಡ್ ಮೇಲೆಯೇ ಹೋಗುವಾಗ ರಸ್ತೆ ನಿಯಮ ಗೊತ್ತಿರಲಿ. ನಡುಗೆರೆ ಅಥವಾ ಡಿವೈಡರ್ ಇರುವ ರಸ್ತೆಯಲ್ಲಿ, 50 ಕಿ.ಮೀ.ಗಿಂತ ಹೆಚ್ಚು ವೇಗಮಿತಿಯ ರಸ್ತೆಯಲ್ಲಿ ಸ್ಕೇಟ್‌ಬೋರ್ಡ್ ಓಡಿಸುವಂತಿಲ್ಲ. ಫುಟ್‌ಪಾತಿನಲ್ಲಿ ನಿಷೇಧದ ಫಲಕವಿಲ್ಲದಿದ್ದರೆ ಹೋಗಬಹುದು, ಎಡಕ್ಕಿರಬೇಕು, ನಡೆಯುವವರಿಗೆ ದಾರಿ ಬಿಡಬೇಕು. ಊರಿನ ಮುಖ್ಯ ಅಂಗಡಿ ಬೀದಿಯಲ್ಲಿ ನಿಷೇಧದ ಫಲಕ ಸಾಮಾನ್ಯ, ಅಲ್ಲಿ ಬೋರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆಯಿರಿ.

## ಪಾರ್ಕಿನಲ್ಲಿ

ಮಗನ ಮೇಲೆ ಒಬ್ಬ ದೊಡ್ಡ ಹುಡುಗ ಕೂಗಾಡಿದ. ನಾವು ಹೊಸಬರು ಅಂತನಾ?

ಬಹುಶಃ ಅಲ್ಲ. ಫಲಕದಲ್ಲಿ ಬರೆಯದ ನಿಯಮ ಒಂದನ್ನು ಮಗ ಮುರಿದಿರಬೇಕು. ಇಲ್ಲಿ ಸಾಲು ನಿಲ್ಲುವುದಿಲ್ಲ, ಆದರೂ ಸರದಿ ಇದೆ. ಎಲ್ಲರೂ ಅಂಚಿನ ಮೇಲೆ ನಿಂತಿರುತ್ತಾರೆ, ಒಬ್ಬ ಓಡಿಸುತ್ತಾನೆ, ಅವನು ಬಿದ್ದ ಮೇಲೆ ಅಥವಾ ಮೇಲೆ ಬಂದ ಮೇಲೆ ಇನ್ನೊಬ್ಬ ಇಳಿಯುತ್ತಾನೆ. ಹೊರಡುವ ಮೊದಲು ಬೋರ್ಡಿನ ಬಾಲವನ್ನು ಅಂಚಿಗೆ ಊರಿ ಸುತ್ತ ಎಲ್ಲರ ಕಣ್ಣು ನೋಡಬೇಕು. ಇನ್ನೊಬ್ಬರು ಓಡಿಸುತ್ತಿರುವಾಗ ಅಡ್ಡ ಇಳಿಯುವುದಕ್ಕೆ ‘ಸ್ನೇಕಿಂಗ್’ ಎನ್ನುತ್ತಾರೆ. ಬೈಗುಳ ಬರುವುದು ಅದಕ್ಕೇ.

ಸ್ಕೂಟರಿನ ಚಿಕ್ಕ ಮಕ್ಕಳು ಮಾಡುವ ತಪ್ಪು ಇನ್ನೆರಡು: ರ‍್ಯಾಂಪಿನ ಬುಡದಲ್ಲಿ ನಿಂತು ಹರಟುವುದು, ಅಂಚಿನ ಕಬ್ಬಿಣದ ಕೊಳವೆಯ ಮೇಲೆ ಕಾಲು ಇಳಿಬಿಟ್ಟು ಕೂರುವುದು. ಆ ಕೊಳವೆಗೆ ಕೋಪಿಂಗ್ ಎಂದು ಹೆಸರು, ಸವಾರರು ಟ್ರಕ್ ಉಜ್ಜುವುದು ಅದರ ಮೇಲೆಯೇ. ಬಿದ್ದರೆ ಬೇಗ ಎದ್ದು ಪಕ್ಕಕ್ಕೆ ಬರಲು ಮಗುವಿಗೆ ಕಲಿಸಿ. ಬೋರ್ಡ್ ಕೈತಪ್ಪಿ ಬೇರೆಯವರತ್ತ ಹೋದರೆ ‘ಬೋರ್ಡ್!’ ಎಂದು ಗಟ್ಟಿಯಾಗಿ ಕೂಗಬೇಕು. ಯಾರಾದರೂ ಒಳ್ಳೆಯ ಟ್ರಿಕ್ ಮಾಡಿದಾಗ ಉಳಿದವರು ಬೋರ್ಡನ್ನು ನೆಲಕ್ಕೆ ಕುಟ್ಟುತ್ತಾರೆ. ಅದು ಚಪ್ಪಾಳೆ. ನಿಮ್ಮ ಮಗು ಮೊದಲ ಸಲ ಡ್ರಾಪ್ ಇನ್ ಮಾಡಿದ ದಿನ ಆ ಸದ್ದು ಕೇಳಿಸುತ್ತದೆ, ಹೆಸರು ಗೊತ್ತಿಲ್ಲದವರೂ ಕುಟ್ಟುತ್ತಾರೆ.

ನಿಜಕ್ಕೂ ಜನಾಂಗದ ಮಾತು ಎತ್ತಿ ಬೈದರೆ ಅದನ್ನು ಸಹಿಸಿಕೊಳ್ಳಬೇಕಿಲ್ಲ. ಅಲ್ಲಿಂದ ಹೊರಬಂದು ಕೌನ್ಸಿಲ್‌ನ ಯೂತ್ ಆಫೀಸರ್‌ಗೆ ತಿಳಿಸಿ, ಬೆದರಿಕೆ ಇದ್ದರೆ ಪೊಲೀಸರಿಗೆ.

ಮಳೆ, ಬಿಸಿಲು, ಚಳಿ: ಯಾವಾಗ ಹೋಗಲೇಬಾರದು?

ಕಾಂಕ್ರೀಟ್ ಒದ್ದೆಯಾಗಿದ್ದಾಗ. ನೋಡಲು ಒಣಗಿದಂತಿದ್ದರೂ ನೆರಳಿನ ಭಾಗ ತೇವವಿರುತ್ತದೆ. ಅಂಗೈ ಒತ್ತಿ ನೋಡಿ, ತಣ್ಣಗೆ ಅಂಟಿದರೆ ಬೇಡ. ದಕ್ಷಿಣದ ಊರುಗಳಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಇಬ್ಬನಿ ಆರಲು ಹನ್ನೊಂದು ಗಂಟೆಯಾದೀತು. ಒದ್ದೆಯಲ್ಲಿ ಓಡಿಸಿದರೆ ಬೇರಿಂಗ್ ತುಕ್ಕು ಹಿಡಿಯುತ್ತದೆ, ಹಲಗೆಯ ಪದರ ಬಿಡುತ್ತದೆ.

ಬೇಸಿಗೆ ಇಲ್ಲಿ ಡಿಸೆಂಬರ್‌ನಿಂದ ಫೆಬ್ರವರಿ. ಒಳನಾಡಿನಲ್ಲಿ 40 ಡಿಗ್ರಿ ದಾಟಿದ ದಿನ ತಿಳಿ ಬಣ್ಣದ ಕಾಂಕ್ರೀಟ್ ಬೌಲ್ ಕಾದ ಬಾಣಲೆಯಾಗುತ್ತದೆ, ಬಿಸಿಲು ಕೆಳಗಿನಿಂದಲೂ ಮುಖಕ್ಕೆ ಹೊಡೆಯುತ್ತದೆ. ಯುವಿ ಸೂಚ್ಯಂಕ 3 ಮುಟ್ಟಿದರೆ ಸನ್‌ಸ್ಕ್ರೀನ್ ಬೇಕು ಎಂಬುದು ಇಲ್ಲಿನ ಆರೋಗ್ಯ ಸಲಹೆ. ನಮ್ಮ ಮೈಬಣ್ಣಕ್ಕೆ ಬೇಡ ಎಂದು ಬಿಡಬೇಡಿ.

ಆಗಸ್ಟ್‌ನಿಂದ ಅಕ್ಟೋಬರ್ ಆಚೀಚೆ ಮ್ಯಾಗ್‌ಪೈ ಹಕ್ಕಿ ಮರಿ ಮಾಡುವ ಕಾಲ. ಗಂಡು ಹಕ್ಕಿ ಹಿಂದಿನಿಂದ ಎರಗಿ ತಲೆಗೆ, ಕಿವಿಗೆ ಕುಕ್ಕುತ್ತದೆ. ಸೈಕಲ್ ಸವಾರರೆಂದರೆ ಅದಕ್ಕೆ ವಿಶೇಷ ಸಿಟ್ಟು. ಸೈಕಲ್ ಇಳಿದು ತಳ್ಳಿಕೊಂಡು ಹೋಗಿ, ಹೆಲ್ಮೆಟ್, ಕನ್ನಡಕ ತೆಗೆಯಬೇಡಿ, ಕೈ ಬೀಸಬೇಡಿ. ಗೂಡಿನ ಮರದಿಂದ ದೂರವಾದ ಮೇಲೆ ಅದು ಬಿಟ್ಟುಬಿಡುತ್ತದೆ.

ಬಿದ್ದು ಕೈ ಮುರಿದ್ರೆ? ನಮ್ಮೂರ ಆಸ್ಪತ್ರೆ ತುಂಬಾ ಚಿಕ್ಕದು.

ತಲೆಗೆ ಪೆಟ್ಟು ಬಿದ್ದು ವಾಂತಿಯಾದರೆ, ಪ್ರಜ್ಞೆ ತಪ್ಪಿದರೆ, ಕುತ್ತಿಗೆ ನೋವೆಂದರೆ ಅಲುಗಿಸದೆ 000ಗೆ ಕರೆ ಮಾಡಿ. ‘ಎಮರ್ಜೆನ್ಸಿ ಪ್ಲಸ್’ ಆಪ್ ಮೊದಲೇ ಹಾಕಿಕೊಂಡಿರಿ, ನೀವಿರುವ ಜಾಗದ ಅಕ್ಷಾಂಶ-ರೇಖಾಂಶವನ್ನು ಅದು ತೋರಿಸುತ್ತದೆ. ಊರ ಹೊರಗಿನ ರಿಸರ್ವ್‌ಗೆ ಸರಿಯಾದ ವಿಳಾಸವೇ ಇಲ್ಲದಿರುವಾಗ ಇದು ತುಂಬ ಉಪಯೋಗಕ್ಕೆ ಬರುತ್ತದೆ.

ಮಣಿಕಟ್ಟು ಊದಿ ಸೊಟ್ಟಗಾದರೆ ಪತ್ರಿಕೆ ಸುತ್ತಿ ಅಲುಗದಂತೆ ಕಟ್ಟಿ, ಏನೂ ತಿನ್ನಿಸದೆ ಆಸ್ಪತ್ರೆಗೆ ಹೊರಡಿ. ಕೆಲವು ಸಣ್ಣ ಆಸ್ಪತ್ರೆಗಳಲ್ಲಿ ವಾರಾಂತ್ಯದಲ್ಲಿ ಎಕ್ಸ್‌ರೇ ತೆಗೆಯುವವರು ಇರುವುದಿಲ್ಲ, ಆದ್ದರಿಂದ ಮೊದಲು ಫೋನ್ ಮಾಡಿ ಕೇಳಿ. ಹೋಗಬೇಕೋ ಬೇಡವೋ ಎಂಬ ಅನುಮಾನವಿದ್ದರೆ ಹೆಲ್ತ್‌ಡೈರೆಕ್ಟ್ 1800 022 222ರಲ್ಲಿ (ಕ್ವೀನ್ಸ್‌ಲ್ಯಾಂಡ್‌ನಲ್ಲಿ 13 43 25 84) ನರ್ಸ್ ದಿನದ ಇಪ್ಪತ್ನಾಲ್ಕು ಗಂಟೆಯೂ ಸಿಗುತ್ತಾರೆ.

ದುಡ್ಡಿನ ವಿಚಾರ: ಸರ್ಕಾರದ ಆರೋಗ್ಯ ಯೋಜನೆಯಾದ ಮೆಡಿಕೇರ್‌ನಲ್ಲಿ ಆಂಬುಲೆನ್ಸ್ ಖರ್ಚು ಸೇರಿಲ್ಲ. ಕ್ವೀನ್ಸ್‌ಲ್ಯಾಂಡ್, ಟಾಸ್ಮೇನಿಯಾ ನಿವಾಸಿಗಳಿಗೆ ರಾಜ್ಯವೇ ಭರಿಸುತ್ತದೆ. ಉಳಿದ ಕಡೆ ಪ್ರತ್ಯೇಕ ಆಂಬುಲೆನ್ಸ್ ಸದಸ್ಯತ್ವ ಅಥವಾ ವಿಮೆ ಬೇಕು. ಊರಿನಿಂದ ಬಂದಿರುವ ಅಜ್ಜಿ-ತಾತ ಮೊಮ್ಮಗುವಿನ ಜೊತೆ ಪಾರ್ಕಿಗೆ ಹೋಗುತ್ತಾರೆಂದರೆ ಅವರ ಪ್ರವಾಸ ವಿಮೆಯನ್ನೂ ಒಮ್ಮೆ ಓದಿ.

## ಇನ್ನೂ ಮುಂದಕ್ಕೆ

ಹುಡುಕಿಕೊಂಡು ಹೋಗಲೇಬೇಕಾದ ಪಾರ್ಕ್ ಯಾವುದು?

ಒಂದೇ ಹೇಳಿ ಎಂದರೆ ವೆಸ್ಟರ್ನ್ ಆಸ್ಟ್ರೇಲಿಯಾದ ದಕ್ಷಿಣ ಕರಾವಳಿಯ ಆಲ್ಬನಿ. ಅಲ್ಲಿನ ಸ್ನೇಕ್ ರನ್ 1976ರಲ್ಲಿ ತೆರೆದದ್ದು. ಸುಮಾರು 140 ಮೀಟರ್ ಉದ್ದ, ಬೆಟ್ಟದ ಇಳಿಜಾರಿಗೆ ಹಾಸಿದ ಕಾಂಕ್ರೀಟ್ ಕಾಲುವೆ. ಇವತ್ತಿಗೂ ಉಳಿದಿರುವ ಜಗತ್ತಿನ ಅತ್ಯಂತ ಹಳೆಯ ಸ್ಕೇಟ್‌ಪಾರ್ಕ್‌ಗಳಲ್ಲಿ ಅದು ಒಂದು. ನೆಲ ನುಣುಪಿಲ್ಲ, ಹೊಸ ಪಾರ್ಕಿನ ಸುಖ ನಿರೀಕ್ಷಿಸಬೇಡಿ. ಮೆದು ಚಕ್ರ ಹಾಕಿಕೊಂಡು ಹೋಗಿ. ಅದೇ ಕರಾವಳಿಯಲ್ಲಿ ಪೂರ್ವಕ್ಕೆ ಹೋದರೆ ಎಸ್ಪರೆನ್ಸ್‌ನಲ್ಲಿ ಸಮುದ್ರದ ಪಕ್ಕದ ಪಾರ್ಕ್ ಇದೆ.

ಪೂರ್ವ ಕರಾವಳಿಯಲ್ಲಿ ನ್ಯೂಕಾಸಲ್‌ನ ಬಾರ್ ಬೀಚ್ ಬೌಲ್. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನ ಮಹಿಳೆಯರ ಪಾರ್ಕ್ ಸ್ಪರ್ಧೆಯಲ್ಲಿ ಐದನೆಯವರಾದ ಪಾಪಿ ಸ್ಟಾರ್ ಓಲ್ಸೆನ್ ಈ ಊರಿನವರು. ಉತ್ತರದಲ್ಲಿ ಕಬ್ಬಿನ ಸೀಮೆಯ ಮಕಾಯ್ ಊರಿನ ಪಾರ್ಕಿಗೆ ‘ಶುಗರ್ ಬೌಲ್’ ಎಂದೇ ಹೆಸರು. ಗೋಲ್ಡ್ ಕೋಸ್ಟ್ ಸಣ್ಣ ಊರಲ್ಲ, ಆದರೂ ಆ ದಾರಿಯಲ್ಲಿ ಹೋಗುವವರು ಮಯಾಮಿ ಬಡಾವಣೆಯ ಪಿಜ್ಜಿ ಪಾರ್ಕ್ ಬಿಡಬಾರದು. ಟೋಕಿಯೋ ಮತ್ತು ಪ್ಯಾರಿಸ್ ಎರಡರಲ್ಲೂ ಚಿನ್ನ ಗೆದ್ದ ಕೀಗನ್ ಪಾಮರ್, 2024ರಲ್ಲಿ 14ನೇ ವಯಸ್ಸಿಗೆ ಚಿನ್ನ ಗೆದ್ದ ಅರಿಸಾ ಟ್ರೂ ಇಬ್ಬರೂ ಬೆಳೆದದ್ದು ಗೋಲ್ಡ್ ಕೋಸ್ಟ್‌ನಲ್ಲಿ.

ಒಂದು ವಾರದ ರೋಡ್ ಟ್ರಿಪ್. ದಿನಕ್ಕೆ ಎಷ್ಟು ಪಾರ್ಕ್ ಹಾಕ್ಕೊಳ್ಳೋದು?

ಎರಡು. ಬೆಳಗ್ಗೆ ಒಂದು, ಸಂಜೆ ಒಂದು, ನಡುವಿನ ಬಿಸಿಲಲ್ಲಿ ಪ್ರಯಾಣ. ನಾಲ್ಕು ಹಾಕಿಕೊಂಡವರು ಮೂರನೆಯದರಲ್ಲಿ ದಣಿದು ಬೀಳುತ್ತಾರೆ. ನ್ಯೂ ಸೌತ್ ವೇಲ್ಸ್‌ನ ದಕ್ಷಿಣ ಕರಾವಳಿ ಇದಕ್ಕೆ ಹೇಳಿಮಾಡಿಸಿದ ದಾರಿ. ಪ್ರಿನ್ಸಸ್ ಹೈವೇಯಲ್ಲಿ ಉಲ್ಲಡುಲ್ಲಾ, ಬೇಟ್‌ಮನ್ಸ್ ಬೇ, ನರೂಮಾ, ಹೈವೇ ಬಿಟ್ಟು ಸ್ವಲ್ಪ ಸಮುದ್ರದ ಕಡೆ ತಿರುಗಿದರೆ ಬರ್ಮಗುಯಿ. ಊರಿಂದೂರಿಗೆ ಒಂದು ಗಂಟೆಯೊಳಗೆ, ಈಜಲು ಪಕ್ಕದಲ್ಲೇ ಸಮುದ್ರ. ಒಳನಾಡಿನಲ್ಲಿ ಊರುಗಳ ನಡುವೆ ನೂರಾರು ಕಿಲೋಮೀಟರ್ ಇರುತ್ತದೆ, ಮೊಬೈಲ್ ಸಿಗ್ನಲ್ ಇರುವುದಿಲ್ಲ. ಮ್ಯಾಪನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ. ಮುಸ್ಸಂಜೆಯ ಮೇಲೆ ಕಾರು ಓಡಿಸಬೇಡಿ, ಕಾಂಗರೂಗಳು ರಸ್ತೆಗೆ ಬರುವ ಹೊತ್ತು ಅದು.

ಹೊಸ ಪಾರ್ಕ್ ಮುಟ್ಟಿದ ಮೇಲೆ ಬೋರ್ಡ್ ಕೆಳಗಿಡುವ ಮೊದಲು ಎರಡು ನಿಮಿಷ ನಡೆದು ನೋಡಿ. ಕಾಂಕ್ರೀಟ್ ಕೀಲುಗಳ ಮೇಲೆ ಪಾದ ಎಳೆಯಿರಿ, ಕೋಪಿಂಗ್ ಮೇಲೆ ಕೈಯಾಡಿಸಿ, ಕಬ್ಬಿಣದ ರ‍್ಯಾಂಪಿದ್ದರೆ ತಗಡಿನ ಸ್ಕ್ರೂ ಎದ್ದಿದೆಯೇ ನೋಡಿ. ಆಳದ ಬೌಲಿಗೆ ಮೊದಲು ಗಿಡ್ಡ ತುದಿಯಿಂದ ಇಳಿಯಿರಿ.

ಬೌಲ್ ಮಧ್ಯೆ ಗುಂಡಿ ಬಿದ್ದಿದೆ. ಯಾರಿಗೆ ಹೇಳೋದು?

ಕೌನ್ಸಿಲ್‌ಗೆ. ‘ಸ್ನ್ಯಾಪ್ ಸೆಂಡ್ ಸಾಲ್ವ್’ ಆಪ್‌ನಲ್ಲಿ ಫೋಟೋ ತೆಗೆದು ಕಳಿಸಿದರೆ ಅದು ಜಾಗ ನೋಡಿ ಸರಿಯಾದ ಕೌನ್ಸಿಲ್‌ಗೆ ತಲುಪಿಸುತ್ತದೆ. ಫೋಟೋದಲ್ಲಿ ಗುಂಡಿಯ ಪಕ್ಕ ಚಕ್ರವೋ ನಾಣ್ಯವೋ ಇಡಿ, ಅಳತೆ ತಿಳಿಯಲಿ. ‘ಗುಂಡಿ ಇದೆ’ ಎಂದಷ್ಟೇ ಬರೆಯಬೇಡಿ. ‘4 ಸೆಂ.ಮೀ. ಅಗಲ, 2 ಸೆಂ.ಮೀ. ಆಳ, ಇಳಿಯುವ ದಾರಿಯಲ್ಲಿದೆ, ಚಕ್ರ ಸಿಕ್ಕಿಬೀಳುತ್ತದೆ’ ಎಂದು ಬರೆದರೆ ಅದು ಸುರಕ್ಷತೆಯ ದೂರಾಗುತ್ತದೆ, ಬೇಗ ಕೈಗೆತ್ತಿಕೊಳ್ಳುತ್ತಾರೆ. ದೂರಿನ ಸಂಖ್ಯೆ ಇಟ್ಟುಕೊಂಡು ಎರಡು ವಾರದ ಮೇಲೆ ಫೋನ್ ಮಾಡಿ.

ನಮ್ಮೂರಲ್ಲಿ ಇಲ್ಲವೇ ಇಲ್ಲ. ಹೊರಗಿನಿಂದ ಬಂದ ನಾವು ಕೇಳಬಹುದಾ?

ಕೇಳಬಹುದು. ಮತದ ಹಕ್ಕು ಇಲ್ಲದಿದ್ದರೂ ಅಹವಾಲು ಸಲ್ಲಿಸುವ ಹಕ್ಕು ನಿವಾಸಿಗಳಿಗೆಲ್ಲ ಇದೆ. ಮಕ್ಕಳೂ ಬರೆಯಬಹುದು, ಅವರ ಪತ್ರವನ್ನು ಕೌನ್ಸಿಲರ್‌ಗಳು ಓದುತ್ತಾರೆ.

ಎಲ್ಲಕ್ಕಿಂತ ಮುಖ್ಯ ಕಾಲ. ಇಲ್ಲಿನ ಹಣಕಾಸು ವರ್ಷ ಜುಲೈ 1ರಿಂದ ಜೂನ್ 30. ನ್ಯೂ ಸೌತ್ ವೇಲ್ಸ್‌ನಲ್ಲಿ ಮುಂದಿನ ವರ್ಷದ ಕರಡು ಯೋಜನೆಯನ್ನು ಕೌನ್ಸಿಲ್ ಕನಿಷ್ಠ 28 ದಿನ ಸಾರ್ವಜನಿಕರ ಮುಂದಿಡಲೇಬೇಕು. ಸಾಮಾನ್ಯವಾಗಿ ಅದು ಬರುವುದು ಏಪ್ರಿಲ್, ಮೇ ತಿಂಗಳಲ್ಲಿ. ಆಗಸ್ಟ್‌ನಲ್ಲಿ ಕೊಟ್ಟ ಅರ್ಜಿ ಎಷ್ಟೇ ಚೆನ್ನಾಗಿದ್ದರೂ ಆ ವರ್ಷದ ದುಡ್ಡು ಆಗಲೇ ಹಂಚಿಹೋಗಿರುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಜನ ಸೇರಿಸಿ. ಶಾಲೆಯ ಪ್ರಿನ್ಸಿಪಾಲರು, ಲಯನ್ಸ್ ಅಥವಾ ರೋಟರಿ ಕ್ಲಬ್ಬು, ಕೌನ್ಸಿಲ್‌ನ ಯೂತ್ ಆಫೀಸರ್ ಈ ಮೂವರ ಬೆಂಬಲ ಪತ್ರ ಪಡೆಯಿರಿ. ಏಪ್ರಿಲ್‌ಗೆ ಲಿಖಿತ ಸಲಹೆ ಸಲ್ಲಿಸಿ, ಸಭೆಯಲ್ಲಿ ಮಾತಾಡಲು ಹೆಸರು ಕೊಡಿ. ಮೊದಲ ವರ್ಷವೇ ಇಡೀ ಪಾರ್ಕ್ ಕೇಳಬೇಡಿ, ವಿನ್ಯಾಸಕ್ಕೆ ಮಾತ್ರ ಹಣ ಕೇಳಿ. ರಾಜ್ಯದ ಅನುದಾನಕ್ಕೆ ಅರ್ಜಿ ಹಾಕುವಾಗ ವಿನ್ಯಾಸ ಸಿದ್ಧವಿರುವ ಯೋಜನೆಯದೇ ಮೇಲುಗೈ.

ಜಾಗದ ಚರ್ಚೆ ಬಂದಾಗ ಪಟ್ಟು ಬಿಡಬೇಡಿ. ಊರ ಹೊರಗೆ, ಯಾರಿಗೂ ಕಾಣದ ಮೂಲೆ ತೋರಿಸುತ್ತಾರೆ, ಸದ್ದು ಎಂಬ ಕಾರಣಕ್ಕೆ. ಅಂಥಲ್ಲಿ ಹೆಣ್ಣುಮಕ್ಕಳು, ಚಿಕ್ಕವರು ಬರುವುದಿಲ್ಲ, ಗಾಜು ಒಡೆಯುತ್ತದೆ, ಐದೇ ವರ್ಷದಲ್ಲಿ ಹಾಳು ಬೀಳುತ್ತದೆ. ರಸ್ತೆಯಿಂದ ಕಾಣುವ ಜಾಗ, ಕುಡಿಯುವ ನೀರಿನ ನಲ್ಲಿ, ನೆರಳಿನ ಬೆಂಚು, ಶೌಚಾಲಯ, ದೀಪ ಇವನ್ನು ಮೊದಲ ನಕ್ಷೆಯಲ್ಲೇ ಬರೆಸಿ. ಕಾಂಕ್ರೀಟ್ ಹಾಕಿದ ಮೇಲೆ ಅವನ್ನು ಸೇರಿಸಲು ಮತ್ತೆ ಬಜೆಟ್ಟಿನ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ಮರಗಳನ್ನು ಬೌಲಿನಿಂದ ಹತ್ತು ಮೀಟರಾದರೂ ದೂರ ನೆಡಲು ಹೇಳಿ, ಮತ್ತು ಅವು ನೀಲಗಿರಿ ಆಗದಿರಲಿ.